ವ್ಯಾಪಾರದ ಆತಿಥ್ಯ ವೆಚ್ಚ ಮತ್ತು ಆದಾಯ ತೆರಿಗೆ

ಹಾನಗಲ್ಲಿನ ಭತ್ತ ಮತ್ತು ಮಾವು, ಸವಣೂರಿನ ವೀಳ್ಯದೆಲೆ, ಶಿಗ್ಗಾಂವಿ ಹಾಗೂ ಹಿರೇಕೆರೂರಿನ ಗೋವಿನಜೋಳ ಮತ್ತು ಹತ್ತಿ, ಇವುಗಳ ವ್ಯಾಪಾರವು ಬಹುಮಟ್ಟಿಗೆ ಪರಸ್ಪರ ನಂಬಿಕೆಯ ಮೇಲೆ ನಡೆಯುತ್ತದೆ. ಮಾಲು ತಂದ ರೈತನಿಗೆ ಚಹಾ-ಉಪಾಹಾರ, ಪರಊರಿನ ಖರೀದಿದಾರನಿಗೆ ಊಟ-ವಸತಿ, ದೀಪಾವಳಿಯ ಲಕ್ಷ್ಮೀಪೂಜೆಗೆ ಅಂಗಡಿಗೆ ಬಂದವರಿಗೆ ಸಿಹಿ ಮತ್ತು ಎಲೆ-ಅಡಿಕೆ ಇವೆಲ್ಲ ಆ ನಂಬಿಕೆಯನ್ನು ಉಳಿಸಿಕೊಂಡು ಬರುವ ವಾಡಿಕೆಗಳು. ಆದರೆ ವರ್ಷಾಂತ್ಯದಲ್ಲಿ ಈ ಖರ್ಚು ಲಾಭ-ಹಾನಿ ಪತ್ರಕದಲ್ಲಿ ‘ಚಹಾ-ಪಾನಿ ಖರ್ಚು’ ಎಂಬ ಒಂದೇ ಸಾಲಾಗಿ ನಿಂತಾಗ, ಕರನಿರ್ಧಾರಣಾಧಿಕಾರಿಯು ಅದರ ಒಂದು ಭಾಗವನ್ನು ಅಮಾನ್ಯಗೊಳಿಸುವ ಪ್ರಸಂಗ ಬರುತ್ತದೆ. ಇಂತಹ ವೆಚ್ಚಕ್ಕೆ ಕಾಯಿದೆಯಲ್ಲಿ ಇಂದು ಮೊತ್ತದ ಮಿತಿಯಿಲ್ಲ; ಅದನ್ನು ರುಜುವಾತುಪಡಿಸುವ ಹೊಣೆ ಮಾತ್ರ ವರ್ತಕನ ಮೇಲಿದೆ.

ಮಿತಿಯು ಬಂದು ಹೋದ ಬಗೆ

1961ರ ಆದಾಯ ತೆರಿಗೆ ಕಾಯಿದೆಯ 37ನೆಯ ಕಲಮು ಆತಿಥ್ಯ ವೆಚ್ಚದ ಬಗ್ಗೆ ಹಲವು ಬಾರಿ ನಿಲುವು ಬದಲಿಸಿದೆ. 1970ರ ಫೆಬ್ರವರಿ 28ರ ನಂತರ ದೇಶದೊಳಗೆ ಮಾಡಿದ ಇಂತಹ ವೆಚ್ಚವನ್ನು ಒಮ್ಮೆ ಪೂರ್ತಿಯಾಗಿಯೇ ನಿರಾಕರಿಸಲಾಗಿತ್ತು. ಗಿರಾಕಿಗೆ ವಾಡಿಕೆಯಂತೆ ನೀಡುವ ಸಾದಾ ಊಟವೂ ‘ಸತ್ಕಾರ’ವೇ ಎಂಬ ಪ್ರಶ್ನೆ ಆಗ ನ್ಯಾಯಾಲಯಗಳ ಮುಂದೆ ಬಂದಿತು. 1983ರಲ್ಲಿ ಸೇರಿಸಿದ ವಿವರಣೆಯು 1976ರ ಏಪ್ರಿಲ್ 1ರಿಂದ ಪೂರ್ವಾನ್ವಯವಾಗಿ, ವಾಡಿಕೆಯ ಊಟವನ್ನೂ ಸತ್ಕಾರದ ವ್ಯಾಖ್ಯೆಗೆ ಸೇರಿಸಿತು. ನೌಕರರಿಗೆ ಕೆಲಸದ ಸ್ಥಳದಲ್ಲಿ ನೀಡುವ ಆಹಾರವನ್ನು ಮಾತ್ರ ಹೊರಗಿಟ್ಟಿತು. ಪಟೇಲ್ ಬ್ರದರ್ಸ್ ಕಂಪನಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪು ನೀಡಿ, ಆ ದಿನಾಂಕಕ್ಕೆ ಹಿಂದಿನ ವರ್ಷಗಳ ಮಟ್ಟಿಗೆ, ಪರಊರಿನ ಗಿರಾಕಿಗಳಿಗೆ ವ್ಯಾಪಾರದ ರೂಢಿಯಂತೆ ನೀಡಿದ ಸಾಧಾರಣ ಊಟವು ಸತ್ಕಾರ ವೆಚ್ಚವಲ್ಲವೆಂದು ಎತ್ತಿಹಿಡಿಯಿತು.

1997ರ ಹಣಕಾಸು ಕಾಯಿದೆಯು ಮಿತಿಯನ್ನೇ ತೆಗೆದುಹಾಕಿತು. 1998-99ರ ನಿರ್ಧಾರಣಾ ವರ್ಷದಿಂದ ಆತಿಥ್ಯ ವೆಚ್ಚವು ಇತರ ಸಾಮಾನ್ಯ ವೆಚ್ಚಗಳ ಸಾಲಿಗೆ ಸೇರಿತು. 2005ರಲ್ಲಿ ಫ್ರಿಂಜ್ ಬೆನಿಫಿಟ್ ತೆರಿಗೆಯು ಬಂದು, ಕಂಪನಿ ಹಾಗೂ ಪಾಲುದಾರಿಕೆ ಸಂಸ್ಥೆಗಳ ಆತಿಥ್ಯ ವೆಚ್ಚದ ಶೇ. 20 ಭಾಗದ ಮೇಲೆ ಶೇ. 30ರಂತೆ ತೆರಿಗೆ ವಿಧಿಸಿತು. 2009ರಲ್ಲಿ ಅದೂ ರದ್ದಾಯಿತು.

ಒಂದು ಉದಾಹರಣೆ

ಒಂದು ಪಾಲುದಾರಿಕೆ ಸಂಸ್ಥೆಯ ವಾರ್ಷಿಕ ಆತಿಥ್ಯ ವೆಚ್ಚ ರೂ. 1,50,000 ಎಂದಿಟ್ಟುಕೊಳ್ಳೋಣ. ಮಿತಿಯು ತೆಗೆಯಲ್ಪಡುವ ಮುನ್ನಿನ ನಿಯಮದಂತೆ ಮೊದಲ ರೂ. 10,000 ಹಾಗೂ ಉಳಿದುದರ ಅರ್ಧ, ಒಟ್ಟು ರೂ. 80,000 ಮಾತ್ರ ಮಾನ್ಯವಾಗುತ್ತಿತ್ತು, ರೂ. 70,000 ಆದಾಯಕ್ಕೆ ಸೇರುತ್ತಿತ್ತು. ಫ್ರಿಂಜ್ ಬೆನಿಫಿಟ್ ತೆರಿಗೆಯ ಕಾಲದಲ್ಲಿ ವೆಚ್ಚವೆಲ್ಲ ಮಾನ್ಯವಾದರೂ ರೂ. 30,000ದ ಮೇಲೆ ರೂ. 9,000 ತೆರಿಗೆ, ಅದರ ಮೇಲೆ ಅಧಿಭಾರ ಮತ್ತು ಸೆಸ್ಸು ಬೀಳುತ್ತಿದ್ದವು. ಇಂದು ಪುರಾವೆಯಿದ್ದರೆ ಪೂರ್ಣ ರೂ. 1,50,000 ಮಾನ್ಯ. ಪುರಾವೆ ಸಾಲದೆಂದು ಅಧಿಕಾರಿಯು ಶೇ. 20 ಭಾಗವನ್ನು ತಳ್ಳಿಹಾಕಿದರೆ, ರೂ. 30,000ದ ಮೇಲೆ ಶೇ. 30ರ ತೆರಿಗೆ ಮತ್ತು ಶೇ. 4ರ ಸೆಸ್ಸು ಸೇರಿ ರೂ. 9,360 ತೆರಬೇಕಾಗುತ್ತದೆ, ಬಡ್ಡಿ ಬೇರೆ. ಅಂದರೆ ಕಾಯಿದೆಯು ಬಿಟ್ಟುಕೊಟ್ಟ ತೆರಿಗೆಯನ್ನು ದಾಖಲೆಯ ಕೊರತೆಯು ಮರಳಿ ತರುತ್ತದೆ.

ಈಗಿನ ಒರೆಗಲ್ಲು

ವೆಚ್ಚವು ಬಂಡವಾಳ ಸ್ವರೂಪದ್ದಾಗಿರಬಾರದು, ವೈಯಕ್ತಿಕವಾಗಿರಬಾರದು, ಸಂಪೂರ್ಣವಾಗಿ ವ್ಯಾಪಾರದ ಉದ್ದೇಶಕ್ಕೇ ಆಗಿರಬೇಕು, ಕಾನೂನು ನಿಷೇಧಿಸಿದ ಕಾರ್ಯಕ್ಕೆ ಆಗಿರಬಾರದು. ಸ್ವೀಕರಿಸುವವರ ನಿಯಮಗಳಿಗೆ ವಿರುದ್ಧವಾದ ಕಾಣಿಕೆಯೂ ಅಮಾನ್ಯವೆಂದು 2022ರ ಹಣಕಾಸು ಕಾಯಿದೆಯು ಸ್ಪಷ್ಟಪಡಿಸಿತು. ವೈದ್ಯರಿಗೆ ಔಷಧ ಕಂಪನಿ ನೀಡಿದ ಉಡುಗೊರೆಗಳ ವೆಚ್ಚವನ್ನು ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷ ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ನಿರಾಕರಿಸಿತು. ಹಬ್ಬದ ನೆಪದಲ್ಲಿ ಸರ್ಕಾರಿ ನೌಕರರಿಗೆ ನಿಯಮ ಮೀರಿ ಕೊಡುವ ಕಾಣಿಕೆಯನ್ನು ಆತಿಥ್ಯದ ಖಾತೆಗೆ ಬರೆಯುವುದು ಈ ದೃಷ್ಟಿಯಿಂದ ಅಪಾಯಕಾರಿ. ದೀಪಾವಳಿ ಹಾಗೂ ಮುಹೂರ್ತದ ವೆಚ್ಚವಾದರೋ ವ್ಯಾಪಾರದ ವೆಚ್ಚವೇ ಎಂದು ಕೇಂದ್ರೀಯ ನೇರ ತೆರಿಗೆ ಮಂಡಳಿಯು 1968ರಲ್ಲಿಯೇ ಸೂಚಿಸಿದೆ. ಅದು ಮನೆಯ ಹಬ್ಬದ ಖರ್ಚಾಗಿರಬಾರದು ಅಷ್ಟೆ.

ದಲಾಲಿ ಅಂಗಡಿಗಳು ಮತ್ತು ಕಂಪನಿಗಳು

ಚಿಕ್ಕ ವರ್ತಕರು ಅಂದಾಜು ಲಾಭದ ಪದ್ಧತಿಯಲ್ಲಿ ವಹಿವಾಟಿನ ಶೇ. 8 ಅಥವಾ ಶೇ. 6ನ್ನು ಲಾಭವೆಂದು ತೋರಿಸಿದರೆ ಬಿಡಿ ವೆಚ್ಚಗಳ ಪ್ರಶ್ನೆಯೇ ಏಳುವುದಿಲ್ಲ. ಆದರೆ ಕಮಿಶನ್ ಅಥವಾ ದಲಾಲಿಯಿಂದ ಆದಾಯ ಪಡೆಯುವವರಿಗೆ ಹಾಗೂ ಕಂಪನಿಗಳಿಗೆ ಈ ಸೌಲಭ್ಯವಿಲ್ಲ. ಮಾರುಕಟ್ಟೆ ಪ್ರಾಂಗಣದ ದಲಾಲಿ ಅಂಗಡಿಗಳಲ್ಲಿಯೇ ರೈತರ ಆತಿಥ್ಯ ಹೆಚ್ಚು. ಲೆಕ್ಕ ತೋರಿಸುವ ಹೊಣೆಯೂ ಅವರಿಗೇ ಹೆಚ್ಚು.

ಕಂಪನಿಯು ಕೃತಕ ವ್ಯಕ್ತಿ. ಅದಕ್ಕೆ ಸ್ವಂತದ ಊಟ-ಉಪಚಾರವೆಂಬುದಿಲ್ಲವೆಂದು ಸಯಾಜಿ ಐರನ್ ಪ್ರಕರಣದಲ್ಲಿ ಗುಜರಾತ್ ಉಚ್ಚ ನ್ಯಾಯಾಲಯವು ಹೇಳಿದೆ. ಹಾಗೆಂದು ನಿರ್ದೇಶಕರ ಮನೆಯ ಸಮಾರಂಭದ ಬಿಲ್ಲನ್ನು ಕಂಪನಿಯ ಲೆಕ್ಕಕ್ಕೆ ಹಾಕಲು ಬರುವುದಿಲ್ಲ. ಅದು ವ್ಯಾಪಾರದ ಉದ್ದೇಶದ ಒರೆಗಲ್ಲಿಗೆ ನಿಲ್ಲದು. ಜಿ.ಎಸ್.ಟಿ.ಯಲ್ಲಿಯೂ ಊಟ-ಉಪಾಹಾರ ಮತ್ತು ಉಡುಗೊರೆಯ ಮೇಲೆ ತೆತ್ತ ತೆರಿಗೆಯನ್ನು ಸಾಮಾನ್ಯ ವರ್ತಕನು ಹೂಡುವಳಿ ತೆರಿಗೆಯಾಗಿ ಮರಳಿ ಪಡೆಯಲಾಗದು.

ಉಡುಗೊರೆ, ಪ್ರವಾಸ ಮತ್ತು ನಗದು

2022ರ ಜುಲೈ 1ರಿಂದ, ವ್ಯಾಪಾರ ಸಂಬಂಧವಾಗಿ ಒಬ್ಬ ನಿವಾಸಿಗೆ ವರ್ಷದಲ್ಲಿ ರೂ. 20,000 ಮೀರಿದ ಸವಲತ್ತು ಕೊಡುವವರು ಶೇ. 10ರಂತೆ ಮೂಲದಲ್ಲಿ ತೆರಿಗೆ ಕಡಿಯಬೇಕು. ಹಿಂದಿನ ವರ್ಷದ ವಹಿವಾಟು ರೂ. 1 ಕೋಟಿ ಮೀರದ ವೈಯಕ್ತಿಕ ಹಾಗೂ ಅವಿಭಕ್ತ ಕುಟುಂಬದ ವರ್ತಕರಿಗೆ ವಿನಾಯಿತಿಯುಂಟು; ಕಂಪನಿಗಳಿಗಾಗಲಿ ಪಾಲುದಾರಿಕೆಗಳಿಗಾಗಲಿ ಇಲ್ಲ. ಬೆಲೆಯಲ್ಲಿನ ರಿಯಾಯಿತಿ ಇದಕ್ಕೆ ಒಳಪಡದು. ಗುರಿ ಮುಟ್ಟಿದ ವಿತರಕರಿಗೆ ಕೊಡುವ ಬಂಗಾರದ ನಾಣ್ಯ, ವಿಹಾರ ಪ್ರವಾಸ ಒಳಪಡುತ್ತವೆ. ಬೀಜ, ಗೊಬ್ಬರದ ಕಂಪನಿಗಳಿಂದ ಇಂತಹುದನ್ನು ಪಡೆದ ಅಂಗಡಿಕಾರನು ಅದರ ಮೌಲ್ಯವನ್ನು ತನ್ನ ಆದಾಯದಲ್ಲಿ ತೋರಿಸತಕ್ಕದ್ದು.

ಒಬ್ಬನೇ ವ್ಯಕ್ತಿಗೆ ಒಂದೇ ದಿನ ರೂ. 10,000 ಮೀರಿ ನಗದು ಪಾವತಿಸಿದರೆ ಆ ವೆಚ್ಚವೆಲ್ಲ ಅಮಾನ್ಯ. ಅಡುಗೆಯವರಿಗೆ ರೂ. 18,000 ನಗದಾಗಿ ಕೊಟ್ಟರೆ ಕಳೆದುಕೊಳ್ಳುವುದು ರೂ. 8,000 ಅಲ್ಲ, ಪೂರ್ತಿ ರೂ. 18,000.

ಪಾಲಿಸಬೇಕಾದ ಕ್ರಮಗಳು

1. ನೌಕರರ ಚಹಾ-ಉಪಾಹಾರ, ಗಿರಾಕಿಗಳ ಆತಿಥ್ಯ, ಹಬ್ಬದ ವೆಚ್ಚ, ಉಡುಗೊರೆ, ಇವುಗಳಿಗೆ ಬೇರೆಬೇರೆ ಖಾತೆಗಳಿರಲಿ.

2. ಪ್ರತಿ ವೋಚರಿನಲ್ಲಿ ದಿನಾಂಕ, ಬಂದವರ ಹೆಸರು ಮತ್ತು ಊರು, ವ್ಯವಹಾರದ ಕಾರಣ ಬರೆದು ಸಹಿ ಮಾಡಿಸತಕ್ಕದ್ದು.

3. ರೈತರ ಊಟದ ವೆಚ್ಚಕ್ಕೆ ಆ ದಿನದ ಆವಕದ ಪಟ್ಟಿಯನ್ನು ಜೋಡಿಸಿದರೆ ಅದಕ್ಕಿಂತ ಬಲವಾದ ಪುರಾವೆ ವಿರಳ.

4. ಚಹಾದ ಅಂಗಡಿಯವರಿಂದ ಪ್ರತಿದಿನದ ಚೀಟಿ ದೊರೆಯದಿದ್ದರೆ ವಾರದ ಅಥವಾ ತಿಂಗಳ ಬಿಲ್ಲು ಪಡೆದು ಬ್ಯಾಂಕಿನ ಮೂಲಕ ಪಾವತಿಸುವುದು ಲೇಸು.

5. ಮನೆಯ ಖರ್ಚು ವ್ಯಾಪಾರದ ಹಣದಿಂದ ಹೋದಲ್ಲಿ ಅದನ್ನು ಅಂದೇ ಮಾಲೀಕರ ಖಾತೆಗೆ ಖರ್ಚು ಹಾಕಬೇಕು.

2026ರ ಏಪ್ರಿಲ್ 1 ಜಾರಿಯ ದಿನಾಂಕವಾಗಿರುವ 2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆಗಳು ಬದಲಾಗಿದ್ದರೂ ಮೇಲಿನ ತತ್ತ್ವಗಳು ಉಳಿದಿವೆ. ನಿರ್ದಿಷ್ಟ ದೋಷ ತೋರಿಸದೆ ಅಂದಾಜಿನ ಮೇಲೆ ವೆಚ್ಚ ಕಡಿತ ಮಾಡುವುದನ್ನು ಮೇಲ್ಮನವಿ ನ್ಯಾಯಾಧಿಕರಣಗಳು ಅನೇಕ ಪ್ರಕರಣಗಳಲ್ಲಿ ಒಪ್ಪಿಲ್ಲ. ಆದರೆ ಆ ರಕ್ಷಣೆಯು ದೊರೆಯುವುದು ಲೆಕ್ಕವನ್ನು ಕ್ರಮವಾಗಿ ಇಟ್ಟವರಿಗೆ. ಅತಿಥಿಗೆ ಚಹಾ ತರಿಸಿದ ದಿನವೇ ಕಿರ್ದಿಯಲ್ಲಿ ಅವರ ಹೆಸರು ಬರೆಯುವ ರೂಢಿಯು ಮೇಲ್ಮನವಿಗಿಂತ ಅಗ್ಗವಾದುದು.