ಒಂದೇ ಊರು, ಮೂರು ರಾಜ್ಯದ ಹೆಸರು

ಪ್ರಶ್ನೆ: ನಮ್ಮದು ಕೊಟ್ಟೂರು. ಅಜ್ಜನ ಹೊಲದ ಪತ್ರದಲ್ಲಿ ‘ಮದ್ರಾಸ್’ ಎಂದಿದೆ, ಅಪ್ಪನ ಶಾಲೆಯ ದಾಖಲೆಯಲ್ಲಿ ‘ಮೈಸೂರು’, ನನ್ನದರಲ್ಲಿ ‘ಕರ್ನಾಟಕ’. ನಾವು ಊರು ಬಿಟ್ಟವರೇ ಅಲ್ಲ. ಈ ಕರ್ನಾಟಕ ಎಂಬ ಹೆಸರು ಎಲ್ಲಿಂದ ಬಂತು? ಕರುನಾಡು, ಗಂಧದ ನಾಡು ಅನ್ನುವುದೆಲ್ಲ ಹೇಗೆ?

ಉತ್ತರ: ನಿಮ್ಮ ಮನೆಯ ಮೂರು ಕಾಗದವೂ ನಿಜವನ್ನೇ ಹೇಳುತ್ತಿವೆ. ನಿಮ್ಮ ಊರಿದ್ದ ಬಳ್ಳಾರಿ ಜಿಲ್ಲೆ ಮದ್ರಾಸ್ ಆಡಳಿತದಲ್ಲಿತ್ತು. ಆಂಧ್ರ ರಾಜ್ಯ ಹುಟ್ಟಿದ 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ಅತ್ತ ಹೋದವು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಸೇರಿ ಉಳಿದವು ಮೈಸೂರಿಗೆ ಬಂದವು. ಕೊಟ್ಟೂರು ಆಗ ಕೂಡ್ಲಿಗಿ ತಾಲ್ಲೂಕಿನ ಊರು. ಈ ಸೇರ್ಪಡೆ ಸುಮ್ಮನೆ ಆದದ್ದಲ್ಲ. ಬಳ್ಳಾರಿಯಲ್ಲಿ ಅದರ ವಿಜಯೋತ್ಸವದ ಚಪ್ಪರ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ಆ್ಯಸಿಡ್ ಬಲ್ಬಿನ ದಾಳಿಗೆ ಬಲಿಯಾದರು.

1956ರ ನವೆಂಬರ್ 1ರಂದು ಕನ್ನಡದ ಸೀಮೆಗಳು ಒಂದಾದರೂ ಹೆಸರು ‘ಮೈಸೂರು’ ಎಂದೇ ಉಳಿಯಿತು. ಧಾರವಾಡ, ಕಲಬುರಗಿ, ಬಳ್ಳಾರಿಯವರಿಗೆ ಅದು ಪಕ್ಕದವರ ಮನೆಯ ಹೆಸರು. ಏಕೀಕರಣದ ಹೋರಾಟಗಾರ ಅಂದಾನಪ್ಪ ದೊಡ್ಡಮೇಟಿಯಂಥವರು ‘ಕರ್ನಾಟಕ’ ಎಂಬ ಹೆಸರಿಗಾಗಿ ಹಟ ಹಿಡಿದರು. ಕೊನೆಗೆ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1973ರ ನವೆಂಬರ್ 1ರಂದು ‘ಕರ್ನಾಟಕ’ ಬಂತು.

ಬಂತು ಎನ್ನುವುದಕ್ಕಿಂತ ಮರಳಿತು ಎನ್ನಬೇಕು. ಮಹಾಭಾರತದ ಜನಪದಗಳ ಪಟ್ಟಿಯಲ್ಲಿ ಈ ಹೆಸರಿದೆ. ತಮಿಳಿನ ಶಿಲಪ್ಪದಿಕಾರಂ ಇಲ್ಲಿಯವರನ್ನು ‘ಕರುನಾಡರ್’ ಎನ್ನುತ್ತದೆ. ರಾಷ್ಟ್ರಕೂಟರ ಶಾಸನದಲ್ಲಿ ಬಾದಾಮಿ ಚಾಲುಕ್ಯರ ಸೈನ್ಯಕ್ಕೆ ‘ಕರ್ಣಾಟಕ ಬಲ’ ಎಂದೇ ಹೆಸರು. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡನಾಡು ಎಂದು ಗುರುತಿಸಿತು. ಆ ದೊಡ್ಡ ಹೆಸರಿನ ಒಳಗೆ ಬನವಾಸಿ, ಗಂಗವಾಡಿ, ನೊಳಂಬವಾಡಿ ಎಂಬ ಸಣ್ಣ ನಾಡುಗಳಿದ್ದವು. ನಿಮ್ಮ ಸುತ್ತಿನ ಸೀಮೆ ‘ಕೋಗಳಿ-500’. ಆ ಕೋಗಳಿ ಈಗಲೂ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಊರು. ಇನ್ನೊಂದು ಮಾತು: 2021ರಲ್ಲಿ ಕೊಟ್ಟೂರೂ ಸೇರಿ ನಿಮ್ಮ ಸುತ್ತಿನ ತಾಲ್ಲೂಕುಗಳು ವಿಜಯನಗರ ಜಿಲ್ಲೆಗೆ ಸೇರಿದವಲ್ಲ, ಆ ವಿಜಯನಗರ ರಾಜಧಾನಿಯ ಹೆಸರು. ಅರಸರು ತಮ್ಮ ರಾಜ್ಯವನ್ನು ಕರೆದದ್ದು ಕರ್ಣಾಟ ಎಂದು.

ಹೆಸರಿನ ಅರ್ಥಕ್ಕೆ ಬಂದರೆ ಜಗಳ ಇನ್ನೂ ಮುಗಿದಿಲ್ಲ. ಗುಂಡರ್ಟ್, ಕಾಲ್ಡ್‌ವೆಲ್ ಮುಂತಾದ ಭಾಷಾ ವಿದ್ವಾಂಸರು ‘ಕರ್’ ಎಂದರೆ ಕಪ್ಪು, ಕಪ್ಪು ಮಣ್ಣಿನ ನಾಡೇ ಕರ್ನಾಡು ಎಂದರು. ‘ಕರು’ ಎಂದರೆ ಎತ್ತರ, ದಖ್ಖನಿನ ಎತ್ತರದ ನೆಲವೇ ಕರುನಾಡು ಎಂಬುದು ಇನ್ನೊಂದು ವಾದ. ನನಗೆ ಎರಡನೆಯದೇ ಹೆಚ್ಚು ಹಿಡಿಸುತ್ತದೆ. ಕಪ್ಪು ಮಣ್ಣಿನ ಎರೆ ಹೊಲದವರು ಮೊದಲನೆಯದಕ್ಕೆ ಕೈ ಎತ್ತಬಹುದು, ಆದರೆ ಕೂಡ್ಲಿಗಿ ಕಡೆಯ ಕೆಂಪು ಮಣ್ಣಿನ ಮಸಾರಿ ಹೊಲದವರನ್ನು ನಾಡಿನಿಂದ ಹೊರಗೆ ಹಾಕಲಾದೀತೆ? ಎತ್ತರದ ನೆಲವೆಂದರೆ ಎರೆಯೂ ಮಸಾರಿಯೂ ಒಳಗೇ ಬರುತ್ತವೆ.

ಅಡ್ಡಹೆಸರುಗಳಲ್ಲಿ ‘ಗಂಧದ ನಾಡು’ ಮೈಸೂರು, ಮಲೆನಾಡಿನ ಕಡೆಯದು. ಗಂಧದ ಮರ ಅರಮನೆಯ ಸೊತ್ತಾಗಿದ್ದ ಕಾಲ, 1916ರಲ್ಲಿ ಶುರುವಾದ ಗಂಧದೆಣ್ಣೆ ಕಾರ್ಖಾನೆ, ಆಮೇಲಿನ ಸಾಬೂನು, ಎಲ್ಲ ಸೇರಿ ಅದನ್ನು ಇಡೀ ರಾಜ್ಯಕ್ಕೆ ಅಂಟಿಸಿದವು. ‘ಚಿನ್ನದ ನಾಡು’ ಕೋಲಾರದ್ದು. ಅಲ್ಲಿನ ಗಣಿ 2001ರಲ್ಲೇ ಮುಚ್ಚಿತು. ನಿಮ್ಮ ಸೀಮೆಯದೇ ಬೇಕೆಂದರೆ ಹೂವಿನ ಹಡಗಲಿ ಇದೆ. ವಿಜಯನಗರಕ್ಕೆ ಹೂವು ಹೋಗುತ್ತಿದ್ದದ್ದು ಇಲ್ಲಿಂದಲೇ ಎಂದು ಊರವರು ಹೇಳುತ್ತಾರೆ. ಹಡಗಲಿ ಮಲ್ಲಿಗೆಗೆ ಈಗ ಸರ್ಕಾರದ ಭೌಗೋಳಿಕ ಗುರುತೂ ಸಿಕ್ಕಿದೆ. ಇಡೀ ರಾಜ್ಯಕ್ಕೆ ಹೊಂದುವ ಅಡ್ಡಹೆಸರು ಮಾತ್ರ ನನ್ನ ಲೆಕ್ಕದಲ್ಲಿ ಕರುನಾಡು ಒಂದೇ. ಉಳಿದವು ಒಂದೊಂದು ಸೀಮೆಯವು.