ಲಾಹೋರಿನ ಕಾಗದಗಳು: ಒಬ್ಬ ಮೇಷ್ಟ್ರು, ಒಂದು ಶಾಲೆ, ಒಂದು ಮ್ಯೂಸಿಯಂ

ಕಳೆದ ಸೆಮಿಸ್ಟರ್ ರಜೆಯಲ್ಲಿ ನನಗೆ ಗೊತ್ತಿರುವ ಒಂದು ಡಿಪಾರ್ಟ್‌ಮೆಂಟಿನವರು ಹಳೇ ಡ್ರಾಯಿಂಗ್ ಶೀಟುಗಳನ್ನೆಲ್ಲ ರದ್ದಿಗೆ ಹಾಕಿದರು. ಟೆಂಪೋ ತುಂಬುತ್ತಿದ್ದಾಗ ನಾನೂ ಅಲ್ಲೇ ನಿಂತಿದ್ದೆ. ಮೇಲಿದ್ದ ಒಂದು ಶೀಟು ಮೂವತ್ತು ವರ್ಷದ ಹಿಂದಿನದು, ಗೇರ್ ಬಾಕ್ಸಿನ ಸೆಕ್ಷನಲ್ ವ್ಯೂ, ಇಂಕಿನಲ್ಲಿ ಎಳೆದದ್ದು. ಮೂಲೆಯ ಟೈಟಲ್ ಬ್ಲಾಕಿನಲ್ಲಿ ಹೆಸರು, ರೋಲ್ ನಂಬರು, ಮೇಷ್ಟ್ರ ಸಹಿ ಎಲ್ಲ ಇತ್ತು. "ಜಾಗ ಇಲ್ಲಪ್ಪ, ಏನು ಮಾಡೋದು?" ಅಂದರು ಅಟೆಂಡರ್. ಅವರು ಹೇಳಿದ್ದು ತಪ್ಪೇನಲ್ಲ.

ಆ ಟೆಂಪೋ ತಲೆಯಲ್ಲೇ ಉಳಿದದ್ದರಿಂದ ಈ ಬರಹ. ಒಬ್ಬ ಮನುಷ್ಯ ಒಂದು ಕಲಾಶಾಲೆಯನ್ನೂ ಒಂದು ಮ್ಯೂಸಿಯಮ್ಮನ್ನೂ ಹದಿನೆಂಟು ವರ್ಷ ನಡೆಸಿದರೆ ಅವನ ಹಿಂದೆ ಎಂಥ ಕಾಗದಗಳು ಉಳಿಯುತ್ತವೆ? ಅವುಗಳನ್ನು ಓದೋದು ಹೇಗೆ? ಉದಾಹರಣೆಗೆ ತೆಗೆದುಕೊಂಡಿರೋದು ಜಾನ್ ಲಾಕ್‌ವುಡ್ ಕಿಪ್ಲಿಂಗ್ (1837–1911). ಹೌದು, 'ಜಂಗಲ್ ಬುಕ್' ಬರೆದ ರಡ್ಯಾರ್ಡ್ ಕಿಪ್ಲಿಂಗ್‌ನ ಅಪ್ಪ. ಮಗನ ಹೆಸರಿನ ನೆರಳಲ್ಲಿ ಅಪ್ಪ ಮರೆಯಾಗಿಬಿಟ್ಟಿದ್ದಾನೆ. ಎಂಜಿನಿಯರಿಂಗ್ ಓದುವ ನಮಗೆ ಮಗನಿಗಿಂತ ಅಪ್ಪನೇ ಹತ್ತಿರದವನು ಅನ್ನೋದು ನನ್ನ ಅಭಿಪ್ರಾಯ.

ಯಾರ್ಕ್‌ಶೈರ್‌ನಲ್ಲಿ ಹುಟ್ಟಿದ ಲಾಕ್‌ವುಡ್ 1865ರಲ್ಲಿ ಮುಂಬೈಗೆ ಬಂದದ್ದು ಸರ್ ಜೆ.ಜೆ. ಕಲಾಶಾಲೆಯ ಮೇಷ್ಟ್ರಾಗಿ. ಕಟ್ಟಡಗಳ ಮೇಲಿನ ಶಿಲ್ಪ ಕಲಿಸುವುದು ಅವನ ಕೆಲಸ. ಮುಂಬೈಗೆ ಹೋದಾಗ ಕ್ರಾಫರ್ಡ್ ಮಾರ್ಕೆಟ್ಟಿನ ಬಾಗಿಲ ಮೇಲೆ ತಲೆ ಎತ್ತಿ ನೋಡಿ, ಅಲ್ಲಿರುವ ಉಬ್ಬುಶಿಲ್ಪ ಅವನದೇ. 1875ರಲ್ಲಿ ಲಾಹೋರಿಗೆ ಹೋದ. ಅಂಡಮಾನಿನಲ್ಲಿ ಕೊಲೆಯಾದ ವೈಸ್‌ರಾಯ್ ಮೇಯೋ ನೆನಪಿಗೆ ಶುರುವಾದ ಮೇಯೋ ಸ್ಕೂಲ್ ಆಫ್ ಆರ್ಟಿಗೆ ಅವನೇ ಮೊದಲ ಪ್ರಿನ್ಸಿಪಾಲ್. ಜೊತೆಗೇ ಅಲ್ಲಿನ ಮ್ಯೂಸಿಯಮ್ಮಿಗೂ ಕ್ಯುರೇಟರ್. 1893ರಲ್ಲಿ ನಿವೃತ್ತನಾಗುವ ತನಕ ಎರಡೂ ಕುರ್ಚಿ ಅವನವೇ.

ಎರಡು ಕುರ್ಚಿ ಒಬ್ಬನಿಗೇ ಕೊಟ್ಟದ್ದು ಸಂಬಳ ಉಳಿಸುವುದಕ್ಕಷ್ಟೇ ಅಂದುಕೊಳ್ಳಬೇಡಿ. ಮ್ಯೂಸಿಯಂ ಅಂದರೆ ಶಾಲೆಯ ಲ್ಯಾಬು. ಪಂಜಾಬಿನ ಮರದ ಕೆತ್ತನೆ, ಹೆಂಚು, ನೇಯ್ಗೆ, ಲೋಹದ ಕೆಲಸ ಎಲ್ಲ ಅಲ್ಲಿ ಬಂದು ಕೂತರೆ ಹುಡುಗರು ಅದನ್ನೇ ನೋಡಿ ಬರೆಯಬಹುದು. ಆ ಕಾಲದ ಬೇರೆ ಕಲಾಶಾಲೆಗಳಲ್ಲಿ ಗ್ರೀಕ್ ವಿಗ್ರಹಗಳ ಪ್ಲಾಸ್ಟರ್ ಎರಕಗಳನ್ನು ಎದುರಿಗಿಟ್ಟು ಡ್ರಾಯಿಂಗ್ ಕಲಿಸುವ ರೂಢಿ ಇತ್ತು. ಬಡಗಿಯ ಮಗನಿಗೆ ಮನೆಯಲ್ಲೇ ಇರುವ ವಿದ್ಯೆ ಬಿಟ್ಟು ಅಪೋಲೋನ ಮೂಗು ಯಾಕೆ, ಅನ್ನೋದು ಲಾಕ್‌ವುಡ್‌ನ ವಾದ.

ಈಗ ಕಾಗದಗಳಿಗೆ ಬರೋಣ. ಅವು ಒಂದೇ ಕಡೆ ಇಲ್ಲ, ತೊಡಕೇ ಅದು. ಶಾಲೆಯ ಕಡತಗಳು ಲಾಹೋರಿನಲ್ಲೇ ಉಳಿದವು. ಆ ಶಾಲೆ 1958ರಲ್ಲಿ ನ್ಯಾಷನಲ್ ಕಾಲೇಜ್ ಆಫ್ ಆರ್ಟ್ಸ್ ಆಯಿತು. ಹಳೇ ವರದಿಗಳು, ಪತ್ರವ್ಯವಹಾರ ಎಲ್ಲ ಈಗ ಅದರ ಆರ್ಕೈವ್ಸ್‌ನಲ್ಲಿವೆ. ಕಿಪ್ಲಿಂಗ್ ಕಾಲದ ವರದಿಗಳು 2003ರಲ್ಲಿ ಪುಸ್ತಕವಾಗಿಯೂ ಬಂದವು. ಮನೆಯ ಪತ್ರಗಳು ಮಾತ್ರ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿವೆ, ಮೊಮ್ಮಗಳು ಎಲ್ಸಿ ಉಳಿಸಿಕೊಂಡು ಬಂದ ಕುಟುಂಬದ ಸಂಗ್ರಹದ ಜೊತೆ. ಅವನು ಬರೆದ ರೇಖಾಚಿತ್ರಗಳು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿವೆ. ದೇಶ ಎರಡು, ಸಂಸ್ಥೆ ಮೂರು. 2017ರಲ್ಲಿ ಲಂಡನ್ನಿನ ಆ ಮ್ಯೂಸಿಯಮ್ಮಿನಲ್ಲಿ ಅವನ ಬಗ್ಗೆ ಒಂದು ದೊಡ್ಡ ಪ್ರದರ್ಶನ ಆದಾಗಲೇ ಇವನನ್ನು ಇಡಿಯಾಗಿ ನೋಡಲು ಸಾಧ್ಯವಾದದ್ದು ಅನ್ನಬಹುದು.

ಇಡಿಯಾಗಿ ಅಂದೆ, ಅದೂ ಪೂರ್ತಿ ಸರಿಯಲ್ಲ. ಅಮ್ಮ 1910ರಲ್ಲಿ, ಅಪ್ಪ 1911ರಲ್ಲಿ ತೀರಿಕೊಂಡ ಮೇಲೆ ರಡ್ಯಾರ್ಡ್ ಮನೆಯ ಕಾಗದಗಳನ್ನು ಸುಟ್ಟುಹಾಕಿದ. ಕುಟುಂಬದ ಕಾಗದ ಕೈಗೆ ಸಿಕ್ಕರೆ ನಾಶ ಮಾಡುವುದೇ ಅಣ್ಣನ ಚಾಳಿ ಅಂತ ತಂಗಿ ಟ್ರಿಕ್ಸ್ ಬೇಸರಪಟ್ಟಿದ್ದಾಳೆ. ಹಾಗಾಗಿ ಮನೆಯೊಳಗಿನ ಲಾಕ್‌ವುಡ್ ನಮಗೆ ಸಿಗುವುದು ಬೇರೆಯವರ ಪೆಟ್ಟಿಗೆಗಳಲ್ಲಿ. ಎಡಿತ್ ಪ್ಲೌಡನ್ ಎಂಬ ಸ್ನೇಹಿತೆಗೆ ಅವನು ಬರೆದ ಪತ್ರಗಳು ಉಳಿದಿವೆ, ಯಾಕೆಂದರೆ ಅವು ಅವಳ ಹತ್ತಿರ ಇದ್ದವು. ಕಳಿಸಿದ ಪತ್ರ ಉಳಿಯೋದು ಪಡೆದವರ ಮನೆಯಲ್ಲಿ! ಹೊಸದಾಗಿ ಹುಡುಕುವವರು ಇದನ್ನು ಮರೆತು, ಆ ವ್ಯಕ್ತಿಯ ಹೆಸರಿನ ಪೆಟ್ಟಿಗೆಯಲ್ಲೇ ತಡಕಾಡಿ ಸುಸ್ತಾಗುತ್ತಾರೆ. ನಾನೂ ಹಾಗೇ ಮಾಡಿದ್ದೆ.

ಇನ್ನೊಂದು ವಿಷಯ. ಆರ್ಕೈವಿನವರು ಬಂದ ಕಾಗದಗಳನ್ನು ವಿಷಯವಾರು ವಿಂಗಡಿಸಿ "ನೀಟ್" ಮಾಡಲು ಹೋಗುವುದಿಲ್ಲ. ಆಫೀಸಿನಲ್ಲಿ ಯಾವ ಕ್ರಮದಲ್ಲಿ ಇತ್ತೋ ಆ ಕ್ರಮ ಗೊತ್ತಿದ್ದರೆ ಹಾಗೇ ಇಡುತ್ತಾರೆ. ಇದಕ್ಕೆ ಮೂಲ ಕ್ರಮ ಅನ್ನುತ್ತಾರೆ. ಗಿಟ್ ಬಳಸುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಕೊನೆಯ ಕೋಡ್ ಮಾತ್ರ ಇಟ್ಟು ಕಮಿಟ್ ಹಿಸ್ಟರಿ ಅಳಿಸಿದರೆ, ಯಾರು, ಯಾವಾಗ, ಯಾಕೆ ಬದಲಾಯಿಸಿದರು ಅನ್ನೋದು ಹೋಯಿತು. ಒಂದು ಕಡತದಲ್ಲಿ ಬೇಡಿಕೆಪತ್ರದ ಹಿಂದೆಯೇ ಉತ್ತರ ಇದ್ದರೆ ಅದು ಒಂದು ಸಂಭಾಷಣೆ. ಬೇರೆ ಮಾಡಿದರೆ ಎರಡು ಹಾಳೆ, ಅಷ್ಟೇ.

ಈಗ ಮುಖ್ಯ ಪ್ರಶ್ನೆ: ಈ ಕಾಗದಗಳಲ್ಲಿ ಯಾರಿದ್ದಾರೆ, ಯಾರಿಲ್ಲ?

1870ರಲ್ಲಿ ಸರ್ಕಾರ ಲಾಕ್‌ವುಡ್‌ನನ್ನು ಉತ್ತರ ಭಾರತಕ್ಕೆ ಕಳಿಸಿ ಕುಶಲಕರ್ಮಿಗಳ ಚಿತ್ರ ಬರೆಸಿತು. ಬಡಗಿ, ನೇಕಾರ, ಕುಂಬಾರ, ಬಣ್ಣ ಹಾಕುವವನು, ಎಲ್ಲರೂ ಕೆಲಸ ಮಾಡುತ್ತಿರುವ ಭಂಗಿಯಲ್ಲೇ ಇದ್ದಾರೆ. ಕೈ ಹೇಗೆ ಹಿಡಿದಿದೆ, ಉಳಿ ಯಾವ ಕೋನದಲ್ಲಿದೆ, ಕಾಲಿನಿಂದ ಮರವನ್ನು ಹೇಗೆ ಒತ್ತಿಕೊಂಡಿದ್ದಾನೆ, ಇವೆಲ್ಲ ಚಿತ್ರದಲ್ಲಿ ಸ್ಪಷ್ಟ. ವರ್ಕ್‌ಶಾಪ್ ಮ್ಯಾನುಅಲ್‌ಗೆ ಹಾಕಬಹುದು, ಅಷ್ಟು ನಿಖರ. ಆದರೆ ಶೀರ್ಷಿಕೆ ನೋಡಿ. ಕಸುಬು ಇರುತ್ತದೆ, ಊರು ಇರುತ್ತದೆ, ವರ್ಷ ಇರುತ್ತದೆ. ಆ ಮನುಷ್ಯನ ಹೆಸರು ಸಿಗುವುದು ಅಪರೂಪ. ಬರೆದವನ ಹೆಸರು ಮಾತ್ರ ನಮಗೆ ಚೆನ್ನಾಗಿ ಗೊತ್ತು.

ಹೆಸರು ಉಳಿದದ್ದು ಭಾಯಿ ರಾಮ್ ಸಿಂಗ್‌ದು. ಅಮೃತಸರದ ಬಡಗಿ ಹುಡುಗ, ಮೇಯೋ ಶಾಲೆಯ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬ. 1890–91ರಲ್ಲಿ ವಿಕ್ಟೋರಿಯಾ ರಾಣಿಯ ಆಸ್ಬೋರ್ನ್ ಅರಮನೆಗೆ ದರ್ಬಾರ್ ರೂಮ್ ಬೇಕಾದಾಗ ಲಾಕ್‌ವುಡ್ ಕಳಿಸಿದ್ದು ಇವನನ್ನೇ. ಆ ಕೋಣೆಯ ಅಗ್ಗಿಷ್ಟಿಕೆಯ ಮೇಲೆ ಪ್ಲಾಸ್ಟರಿನ ದೊಡ್ಡ ನವಿಲೊಂದು ಗರಿ ಬಿಚ್ಚಿ ನಿಂತಿದೆ. ಊರಿಗೆ ಮರಳಿದ ಮೇಲೆ ಅಮೃತಸರದ ಖಾಲ್ಸಾ ಕಾಲೇಜಿಗೆ ನಕ್ಷೆ ಮಾಡಿದ. ಲಾಹೋರ್ ಮ್ಯೂಸಿಯಮ್ಮಿನ ಹೊಸ ಕಟ್ಟಡದ ವಿನ್ಯಾಸದಲ್ಲೂ ಅವನ ಕೈ ಇದೆ. ಅದನ್ನು ಕಟ್ಟಿಸಿದ್ದು ರೂರ್ಕಿಯಲ್ಲಿ ಓದಿದ ಎಂಜಿನಿಯರ್ ಗಂಗಾ ರಾಮ್. 1910ರಲ್ಲಿ ರಾಮ್ ಸಿಂಗ್ ಅದೇ ಶಾಲೆಯ ಪ್ರಿನ್ಸಿಪಾಲ್ ಆದ. ಬಹಳ ಕಾಲ ಈ ಕಟ್ಟಡಗಳೆಲ್ಲ "ಕಿಪ್ಲಿಂಗ್ ಕೆಲಸ" ಅಂತಲೇ ಹೆಸರಾಗಿದ್ದವು. ಕಡತಗಳನ್ನು ಪುಟ ಬಿಡದೆ ಓದಿದವರಿಂದಲೇ ರಾಮ್ ಸಿಂಗ್‌ನ ಪಾಲು ಬೆಳಕಿಗೆ ಬಂದದ್ದು.

ಲಾಕ್‌ವುಡ್‌ನನ್ನು ಇಲ್ಲಿ ಖಳನಾಯಕ ಮಾಡುವುದು ಸುಲಭ. ಆದರೆ ಶಿಷ್ಯನನ್ನು ಮುಂದಕ್ಕೆ ತಳ್ಳಿದವನೂ ಅವನೇ. 1886ರಲ್ಲಿ 'ಜರ್ನಲ್ ಆಫ್ ಇಂಡಿಯನ್ ಆರ್ಟ್'ನಲ್ಲಿ ಬರೆದ ಲೇಖನದಲ್ಲಿ ಲೋಕೋಪಯೋಗಿ ಇಲಾಖೆಯವರನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡ. ಎಲ್ಲ ಊರಿಗೂ ಒಂದೇ ಪ್ಲಾನು, ಸ್ಥಳೀಯ ಮೇಸ್ತ್ರಿಯ ಜ್ಞಾನಕ್ಕೆ ಬೆಲೆಯಿಲ್ಲ ಎನ್ನುವುದು ಅವನ ತಕರಾರು. ಸಿವಿಲ್ ಗೆಳೆಯರು ಸ್ವಲ್ಪ ಕೆಮ್ಮಿಕೊಳ್ಳಬಹುದು! ಅದೇ ಹೊತ್ತಿಗೆ ಅವನು ಸಾಮ್ರಾಜ್ಯದ ಸಂಬಳದವನು, ದೊಡ್ಡ ಪ್ರದರ್ಶನಗಳಿಗೆ ಪಂಜಾಬಿನ ಕೈಕೆಲಸ ಕಳಿಸಿಕೊಡುವುದೂ ಅವನ ಹೊಣೆ. ಎರಡೂ ನಿಜ, ಎರಡೂ ಕಡತದಲ್ಲೇ ಇವೆ.

ನಮ್ಮ ಕಡೆಗೂ ಒಂದು ಎಳೆ ಬರುತ್ತದೆ. ಮುಂದೆ ಲಾಹೋರಿನಲ್ಲಿ ಇದೇ ಎರಡು ಕುರ್ಚಿಯಲ್ಲಿ ಕೂತ ಪರ್ಸಿ ಬ್ರೌನ್ 1909ರಲ್ಲಿ ಕಲ್ಕತ್ತಾ ಕಲಾಶಾಲೆಯ ಪ್ರಿನ್ಸಿಪಾಲ್ ಆಗಿ ಹೋದ. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಮೈಸೂರಿನ ಚಿತ್ರಗಾರರ ಮನೆತನದ ಕೆ. ವೆಂಕಟಪ್ಪನವರು ಅವನೀಂದ್ರನಾಥ ಟಾಗೋರರ ಬಳಿ ಕಲಿತದ್ದು ಅದೇ ಶಾಲೆಯಲ್ಲಿ. ವೆಂಕಟಪ್ಪನವರು ಡೈರಿ ಬರೆದಿಡುತ್ತಿದ್ದರು. ಕಲಾವಿದ ತನ್ನ ಮಾತಿನಲ್ಲೇ ಕಡತದೊಳಗೆ ಬಂದ ಉದಾಹರಣೆ ಅದು, ಆ 1870ರ ಬಡಗಿಗೆ ಸಿಗದ ಅವಕಾಶ.

1947ರ ನಂತರ ಲಾಹೋರ್ ಮ್ಯೂಸಿಯಮ್ಮಿನ ಸಂಗ್ರಹವೂ ಪಾಲಾಯಿತು. ಸುಮಾರು ನೂರಕ್ಕೆ ನಲವತ್ತು ಭಾಗ ಭಾರತಕ್ಕೆ ಬಂತು, ಈಗ ಚಂಡೀಗಢದ ಮ್ಯೂಸಿಯಮ್ಮಿನಲ್ಲಿ ಅವನ್ನು ನೋಡಬಹುದು. ವಸ್ತುಗಳನ್ನು ಲೆಕ್ಕ ಹಾಕಿ ಹಂಚಿಕೊಳ್ಳಬಹುದು. ಶಾಲೆಯ ಕಡತಗಳು ಗಡಿಯ ಆಚೆಯೇ ಉಳಿದವು.

ಲಾಕ್‌ವುಡ್‌ನ ಕುಶಲಕರ್ಮಿ ಚಿತ್ರಗಳು ಲಂಡನ್ ಮ್ಯೂಸಿಯಮ್ಮಿನ ವೆಬ್‌ಸೈಟಿನಲ್ಲಿ ನೋಡಲು ಸಿಗುತ್ತವೆ. ಇಂಟರ್ನಲ್ಸ್ ಮುಗಿದ ಮೇಲೆ ಒಂದು ಸಂಜೆ ತೆರೆಯಿರಿ. ಮೊದಲು ಚಿತ್ರ ನೋಡಿ, ಕೈಗಳನ್ನು ನೋಡಿ, ಆಮೇಲೆ ಶೀರ್ಷಿಕೆ ಓದಿ. ಅಂದಹಾಗೆ ಆ ಗೇರ್ ಬಾಕ್ಸಿನ ಶೀಟನ್ನು ಅಟೆಂಡರ್ ಹತ್ತಿರ ಕೇಳಿ ಇಸ್ಕೊಂಡೆ. ಟೈಟಲ್ ಬ್ಲಾಕಿನಲ್ಲಿರುವ ಆ ಸೀನಿಯರ್ ಯಾರು, ಈಗ ಎಲ್ಲಿದ್ದಾರೆ ಅಂತ ಹುಡುಕ್ತಾ ಇದ್ದೀನಿ.