ಮನೆಯ ಕೋವಿ, ದೇಶದ ಕಾನೂನು: ಲೈಸೆನ್ಸುದಾರರು ತಿಳಿದಿರಬೇಕಾದ ವಿಷಯಗಳು

ಶಸ್ತ್ರಾಸ್ತ್ರ ಕಾನೂನು ಎಂದೊಡನೆ ದರೋಡೆಕೋರರು, ಭಯೋತ್ಪಾದಕರು, ಕಳ್ಳಸಾಗಣೆದಾರರು ನೆನಪಿಗೆ ಬರುವುದು ಸಹಜ. ಆದರೆ ಈ ಕಾನೂನಿನ ಅಡಿಯಲ್ಲಿ ಆರೋಪಿಗಳಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವವರೆಲ್ಲರೂ ಅಂಥವರಲ್ಲ. ಲೈಸೆನ್ಸನ್ನು ನವೀಕರಿಸಲು ಮರೆತವರು, ತೀರಿಕೊಂಡ ತಂದೆಯ ಕೋವಿಯನ್ನು ಅಟ್ಟದ ಮೇಲಿಟ್ಟು ಊರು ಬಿಟ್ಟವರು, ಚೀಲದ ಮೂಲೆಯಲ್ಲಿ ಉಳಿದುಹೋದ ಒಂದು ಕಾಡತೂಸಿನಿಂದಾಗಿ ವಿಮಾನ ನಿಲ್ದಾಣದಲ್ಲಿ ತಡೆಯಲ್ಪಟ್ಟವರು ಮೊದಲಾದವರೂ ಇದೇ ಕಾನೂನಿಗೆ ಉತ್ತರ ಕೊಡಬೇಕಾಗುತ್ತದೆ. ಯಾರಿಗೂ ಕೇಡು ಬಗೆಯದ ನಾಗರಿಕರು ಇಂಥ ಸಂಕಟಕ್ಕೆ ಸಿಲುಕುವುದೇಕೆ, ಕಾನೂನು ಅವರಿಗೆ ಯಾವ ರಕ್ಷಣೆಗಳನ್ನು ನೀಡಿದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಕಾನೂನಿನ ಹಿನ್ನೆಲೆ

ವಸಾಹತು ಆಡಳಿತವು 1878ರಲ್ಲಿ ಭಾರತೀಯ ಶಸ್ತ್ರಾಸ್ತ್ರ ಕಾಯಿದೆಯನ್ನು ಜಾರಿಗೆ ತಂದಾಗ ಅದರ ಮುಖ್ಯ ಉದ್ದೇಶ ಭಾರತೀಯರನ್ನು ನಿರಾಯುಧರನ್ನಾಗಿಸುವುದಾಗಿತ್ತು. ಯುರೋಪಿಯನ್ನರಿಗೆ ವಿನಾಯಿತಿ, ದೇಶವಾಸಿಗಳಿಗೆ ನಿರ್ಬಂಧ ಎಂಬ ಭೇದವನ್ನು ರಾಷ್ಟ್ರೀಯ ಚಳವಳಿಯ ನಾಯಕರು ತೀವ್ರವಾಗಿ ವಿರೋಧಿಸಿದ್ದರು. ಸ್ವಾತಂತ್ರ್ಯಾನಂತರ ಸಂಸತ್ತು ಈ ಹಳೆಯ ಕಾಯಿದೆಯನ್ನು ರದ್ದುಗೊಳಿಸಿ 1959ರ ಶಸ್ತ್ರಾಸ್ತ್ರ ಕಾಯಿದೆಯನ್ನು ಅಂಗೀಕರಿಸಿತು. ಅದು 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಪ್ರಸ್ತುತ 2016ರ ಶಸ್ತ್ರಾಸ್ತ್ರ ನಿಯಮಾವಳಿ ಅದರ ಜೊತೆಗೆ ಅನ್ವಯವಾಗುತ್ತದೆ.

ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ಶಸ್ತ್ರಾಸ್ತ್ರ ಮತ್ತು ಮದ್ದುಗುಂಡುಗಳು ಕೇಂದ್ರ ಪಟ್ಟಿಗೆ ಸೇರಿದ ವಿಷಯ. ಆದುದರಿಂದ ಮುಂಬಯಿಯಲ್ಲಿರಲಿ, ಚೆನ್ನೈಯಲ್ಲಿರಲಿ, ಮಲೆನಾಡಿನ ಹಳ್ಳಿಯಲ್ಲಿರಲಿ, ಕಾಯಿದೆ ಒಂದೇ. ಅದನ್ನು ಕಾರ್ಯಗತಗೊಳಿಸುವ ಅಧಿಕಾರಿ ಮಾತ್ರ ಸ್ಥಳೀಯರು: ಜಿಲ್ಲೆಗಳಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟರು, ಕಮಿಷನರೇಟ್ ಇರುವ ದೊಡ್ಡ ನಗರಗಳಲ್ಲಿ ಸಾಮಾನ್ಯವಾಗಿ ಪೊಲೀಸ್ ಕಮಿಷನರು.

ಕಾಯಿದೆ ಏನನ್ನು ಕೇಳುತ್ತದೆ?

ಕಾಯಿದೆಯ 3ನೆಯ ಪ್ರಕರಣದ ಸಾರ ಇಷ್ಟು: ಲೈಸೆನ್ಸ್ ಇಲ್ಲದೆ ಯಾರೂ ಬಂದೂಕನ್ನಾಗಲಿ ಮದ್ದುಗುಂಡುಗಳನ್ನಾಗಲಿ ಪಡೆಯಬಾರದು, ಇಟ್ಟುಕೊಳ್ಳಬಾರದು, ಒಯ್ಯಬಾರದು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕೊಲೆ, ಸುಲಿಗೆ ಮುಂತಾದ ಅಪರಾಧಗಳಲ್ಲಿ ಕಾನೂನು ಕೃತ್ಯವನ್ನೂ ಅದರ ಹಿಂದಿನ ದುರುದ್ದೇಶವನ್ನೂ ನೋಡುತ್ತದೆ. ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಆಯುಧವನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಂಡಿರುವುದೇ ಅಪರಾಧ. ಅದರಿಂದ ಯಾರನ್ನೂ ನೋಯಿಸುವ ಇಚ್ಛೆ ಇರಲಿಲ್ಲವೆಂಬ ಸಮಜಾಯಿಷಿ ಅಲ್ಲಿಗೆ ಸಾಲದು.

2019ರಲ್ಲಿ ಸಂಸತ್ತು ಮಾಡಿದ ತಿದ್ದುಪಡಿಯಿಂದ ಈ ಕಾಯಿದೆ ಇನ್ನಷ್ಟು ಬಿಗಿಯಾಯಿತು. ಲೈಸೆನ್ಸ್ ಇಲ್ಲದೆ ಬಂದೂಕು ಅಥವಾ ಮದ್ದುಗುಂಡು ಇಟ್ಟುಕೊಂಡವರಿಗೆ ಹಿಂದೆ 1ರಿಂದ 3 ವರ್ಷಗಳ ಸೆರೆವಾಸವಿತ್ತು. ಈಗ ಅದು 2ರಿಂದ 5 ವರ್ಷಗಳಾಗಿವೆ, ಜೊತೆಗೆ ದಂಡವೂ ಇದೆ. ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಮೂರನೆಯದನ್ನು ಒಂದು ವರ್ಷದೊಳಗೆ ಠೇವಣಿ ಇಡಬೇಕೆಂದು ವಿಧಿಸಲಾಯಿತು. ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕಾಗಿ ಗುಂಡು ಹಾರಿಸಿ ಇತರರ ಪ್ರಾಣಕ್ಕೆ ಅಪಾಯ ತರುವುದು 2 ವರ್ಷಗಳವರೆಗಿನ ಸೆರೆವಾಸ, ಅಥವಾ ಒಂದು ಲಕ್ಷ ರೂಪಾಯಿವರೆಗಿನ ದಂಡ, ಅಥವಾ ಎರಡಕ್ಕೂ ಗುರಿಯಾಗುವ ಅಪರಾಧವಾಯಿತು. ಇದೇ ತಿದ್ದುಪಡಿ ಲೈಸೆನ್ಸುದಾರರಿಗೆ ಒಂದು ಅನುಕೂಲವನ್ನೂ ಒದಗಿಸಿತು: ಲೈಸೆನ್ಸಿನ ಅವಧಿ 3 ವರ್ಷಗಳಿಂದ 5 ವರ್ಷಗಳಿಗೆ ಏರಿತು.

ಪ್ರಾಮಾಣಿಕರು ಎಡವುವ ಸ್ಥಳಗಳು

ಮೊದಲನೆಯದು ನವೀಕರಣ. ಅವಧಿ ಮುಗಿದೊಡನೆ ಲೈಸೆನ್ಸಿನ ಬಲ ಕೊನೆಗೊಳ್ಳುತ್ತದೆ. ಕೋವಿ ನಿನ್ನೆಯವರೆಗೆ ಇದ್ದ ಗೋಡೆಯ ಮೇಲೆಯೇ ಇರಬಹುದು. ಕಾನೂನಿನ ದೃಷ್ಟಿಯಲ್ಲಿ ಅದರ ಸ್ಥಿತಿ ಬದಲಾಗಿರುತ್ತದೆ. ಐದು ವರ್ಷಗಳಿಗೊಮ್ಮೆ ಬರುವ ದಿನಾಂಕವನ್ನು ಮರೆಯುವುದು ಸುಲಭವಾದ್ದರಿಂದ, ಅವಧಿ ಮುಗಿಯುವುದಕ್ಕೆ ಸಾಕಷ್ಟು ಮೊದಲೇ ಅರ್ಜಿ ಸಲ್ಲಿಸಿ ಸ್ವೀಕೃತಿ ಪತ್ರವನ್ನು ಕಾದಿರಿಸಿಕೊಳ್ಳುವುದು ಅಗತ್ಯ.

ಎರಡನೆಯದು ಲೈಸೆನ್ಸುದಾರನ ಮರಣ. ಹೊರ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಬೆಳೆ ರಕ್ಷಣೆಗೆಂದು ಕೋವಿ ಇಟ್ಟುಕೊಂಡಿದ್ದ ಹಿರಿಯರೊಬ್ಬರು ಊರಿನಲ್ಲಿ ತೀರಿಕೊಂಡರೆಂದೂ, ಪುಣೆಯಲ್ಲಿ ಉದ್ಯೋಗದಲ್ಲಿರುವ ಮಗ ಉತ್ತರಕ್ರಿಯೆ ಮುಗಿಸಿ, ಮನೆಗೆ ಬೀಗ ಹಾಕಿ ಹಿಂತಿರುಗಿದನೆಂದೂ ಭಾವಿಸೋಣ. ಜಮೀನು, ಬ್ಯಾಂಕಿನ ಲೆಕ್ಕ ಎಲ್ಲವೂ ವಾರಸುದಾರನಿಗೆ ಬರುತ್ತವೆ. ಆದರೆ ಲೈಸೆನ್ಸ್ ಆಸ್ತಿಯಲ್ಲ, ಅದು ತಂದೆಯ ಹೆಸರಿನೊಡನೆಯೇ ಮುಗಿಯುತ್ತದೆ. ಹೀಗೆ ಸ್ವಾಧೀನವು ಕಾನೂನುಬದ್ಧವಲ್ಲದಾದಾಗ ಆಯುಧವನ್ನು ಅನಗತ್ಯ ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಡಬೇಕೆಂದು 21ನೆಯ ಪ್ರಕರಣ ಹೇಳುತ್ತದೆ. ಠೇವಣಿ ಇಡದಿರುವ ತಪ್ಪನ್ನು ಕಾಯಿದೆಯು ಲೈಸೆನ್ಸ್ ಇಲ್ಲದೆ ಬಂದೂಕು ಹೊಂದಿರುವ ಅಪರಾಧದ ಜೊತೆಯಲ್ಲಿ, 25ನೆಯ ಪ್ರಕರಣದ ಅದೇ ಉಪಪ್ರಕರಣದಲ್ಲಿ ಸೇರಿಸಿದೆ. ತಂದೆಯ ನೆನಪೆಂದು ಉಳಿಸಿಕೊಂಡ ಕೋವಿಯೂ ಅಪರಾಧಿಯೊಬ್ಬನ ನಾಡಬಂದೂಕೂ ಒಂದೇ ಪಟ್ಟಿಗೆ ಸೇರಬಹುದೆಂಬುದು ಇದರ ಅರ್ಥ.

ಇದಕ್ಕೆ ಪರಿಹಾರವೂ ನಿಯಮಾವಳಿಯಲ್ಲಿಯೇ ಇದೆ. ಲೈಸೆನ್ಸುದಾರನ ಮರಣಾನಂತರ ವಾರಸುದಾರನು ತನ್ನ ಹೆಸರಿಗೆ ಲೈಸೆನ್ಸ್ ಕೋರಿ ಅರ್ಜಿ ಸಲ್ಲಿಸಬಹುದು. ಲೈಸೆನ್ಸುದಾರನಿಗೆ 70 ವರ್ಷ ತುಂಬಿದಾಗ ಅಥವಾ ಆಯುಧ ಅವನ ಬಳಿ 25 ವರ್ಷ ಇದ್ದಾಗ, ಇವೆರಡರಲ್ಲಿ ಯಾವುದು ಮೊದಲೋ ಆಗ, ಅವನು ಜೀವಿಸಿರುವಾಗಲೇ ತನ್ನ ವಾರಸುದಾರನೊಬ್ಬನನ್ನು ಸೂಚಿಸಲು ಅವಕಾಶವಿದೆ. ಹಿರಿಯರಿರುವ ಕುಟುಂಬಗಳು ಈ ಅವಕಾಶವನ್ನು ಬಳಸಿಕೊಳ್ಳುವುದು ಲೇಸು.

ಮೂರನೆಯದು ಸ್ಥಳ. ಲೈಸೆನ್ಸಿನಲ್ಲಿ ಅದು ಯಾವ ಪ್ರದೇಶಕ್ಕೆ ಸಲ್ಲುತ್ತದೆ ಎಂಬುದು ನಮೂದಾಗಿರುತ್ತದೆ. ಆ ಎಲ್ಲೆಯಾಚೆ ಆಯುಧ ಒಯ್ಯುವುದು ಷರತ್ತಿನ ಉಲ್ಲಂಘನೆ. ವರ್ಗಾವಣೆಯಾಗಿ ಬೇರೆ ರಾಜ್ಯಕ್ಕೆ ಹೋಗುವವರು ಹೊರಡುವ ಮುನ್ನ ಈ ನಮೂದನ್ನು ಪರಿಶೀಲಿಸಿ, ವಿಳಾಸ ಬದಲಾವಣೆಯನ್ನು ಸಂಬಂಧಪಟ್ಟ ಅಧಿಕಾರಿಗಳಿಗೆ ತಿಳಿಸಬೇಕು. ವಿಮಾನದಲ್ಲಿ ಪ್ರಯಾಣಿಸುವಾಗ ಆಯುಧವಾಗಲಿ ಕಾಡತೂಸಾಗಲಿ ಕೈಚೀಲದಲ್ಲಿ ಇರಕೂಡದು. ಲೈಸೆನ್ಸ್ ಸಹಿತ ವಿಮಾನಯಾನ ಸಂಸ್ಥೆಗೆ ಮೊದಲೇ ತಿಳಿಸಿ, ಅವರ ಒಪ್ಪಿಗೆಯಂತೆ ಗುಂಡು ತೆಗೆದ ಆಯುಧವನ್ನು ಸರಕಿನ ಸಾಮಾನಿನೊಡನೆ ಒಪ್ಪಿಸಬೇಕು.

ಅರಿವಿಲ್ಲದ ಸ್ವಾಧೀನ

ತಿಳಿಯದೆಯೇ ಚೀಲದಲ್ಲಿ ಉಳಿದ ಕಾಡತೂಸಿಗೂ ಶಿಕ್ಷೆಯೆ? ಈ ಪ್ರಶ್ನೆಗೆ ನ್ಯಾಯಾಲಯಗಳು ವಿವೇಕದ ಉತ್ತರ ನೀಡಿವೆ. ಸ್ವಾಧೀನವೆಂದರೆ ವಸ್ತು ಕೈಯಲ್ಲಿರುವುದಷ್ಟೇ ಅಲ್ಲ, ಅದು ತನ್ನ ಬಳಿ ಇದೆಯೆಂಬ ಅರಿವೂ ಅದರ ಮೇಲೆ ಹತೋಟಿಯೂ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯ 1972ರಲ್ಲಿ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ತೀರ್ಮಾನಿಸಿತು. 1994ರಲ್ಲಿ ಸಂವಿಧಾನ ಪೀಠವೊಂದು ಆಗ ಜಾರಿಯಲ್ಲಿದ್ದ ಟಾಡಾ ಕಾಯಿದೆಯನ್ನು ಅರ್ಥೈಸುವಾಗಲೂ ಅರಿವಿನಿಂದ ಕೂಡಿದ ಸ್ವಾಧೀನವೆಂಬ ಇದೇ ತತ್ವವನ್ನು ಎತ್ತಿಹಿಡಿಯಿತು. ಚೀಲದಲ್ಲಿ ಒಂದೇ ಒಂದು ಕಾಡತೂಸು ದೊರೆತ ಪ್ರಕರಣವೊಂದರಲ್ಲಿ ದೆಹಲಿ ಉಚ್ಚ ನ್ಯಾಯಾಲಯ 2014ರಲ್ಲಿ ಈ ತತ್ವದ ಆಧಾರದ ಮೇಲೆ ಮೊಕದ್ದಮೆಯನ್ನು ರದ್ದುಗೊಳಿಸಿತು.

ಆದರೆ ಈ ಪರಿಹಾರ ದೊರೆಯುವುದು ಎಫ್.ಐ.ಆರ್. ದಾಖಲಾದ ಮೇಲೆ, ವಕೀಲರು, ಅರ್ಜಿ, ಅಲೆದಾಟಗಳ ನಂತರ ಎಂಬುದನ್ನು ಮರೆಯಲಾಗದು. ಅಲ್ಲದೆ ಅರಿವಿರಲಿಲ್ಲವೆಂಬುದು ಪ್ರತಿ ಪ್ರಕರಣದ ಸಂಗತಿಗಳನ್ನು ಅವಲಂಬಿಸಿದ ಮಾತು. ಕೋವಿಯನ್ನು ಸ್ವತಃ ಅಟ್ಟದ ಮೇಲಿಟ್ಟವನಿಗೆ ಈ ವಾದ ನೆರವಾಗದು. ಕಾನೂನು ತಿಳಿದಿರಲಿಲ್ಲವೆಂಬುದು ಬೇರೆ, ವಸ್ತು ಬಳಿಯಿರುವುದು ತಿಳಿದಿರಲಿಲ್ಲವೆಂಬುದು ಬೇರೆ. ಎರಡನೆಯದಕ್ಕೆ ಮಾತ್ರ ಈ ರಕ್ಷಣೆ.

ಕಾಯಿದೆಯೊಳಗಿನ ಇತರ ರಕ್ಷಣೆಗಳು

3ನೆಯ ಪ್ರಕರಣದ ಅಪರಾಧಕ್ಕಾಗಿ ಯಾರ ಮೇಲಾದರೂ ಮೊಕದ್ದಮೆ ಹೂಡಬೇಕಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಬೇಕೆಂದು 39ನೆಯ ಪ್ರಕರಣ ವಿಧಿಸುತ್ತದೆ. ಅಪರಾಧಿ ಯಾರು, ಅಜಾಗರೂಕ ಯಾರು ಎಂದು ವಿವೇಚಿಸಲು ಕಾಯಿದೆಯೇ ಇಟ್ಟಿರುವ ಮೊದಲ ಜರಡಿ ಇದು. ಅದನ್ನು ಕೇವಲ ಮೊಹರು ಹಾಕುವ ಕ್ರಮವೆಂದು ಭಾವಿಸಿದರೆ ಶಾಸಕಾಂಗದ ಆಶಯಕ್ಕೆ ಭಂಗ ಬರುತ್ತದೆ. ಅಪರಾಧ ಸಾಬೀತಾದ ಸಂದರ್ಭದಲ್ಲಿಯೂ ವಿಶೇಷ ಕಾರಣಗಳಿದ್ದಲ್ಲಿ ಅವನ್ನು ತೀರ್ಪಿನಲ್ಲಿ ಬರೆದು, ಕನಿಷ್ಠ ಅವಧಿಗಿಂತ ಕಡಿಮೆ ಶಿಕ್ಷೆ ನೀಡುವ ಅಧಿಕಾರ ನ್ಯಾಯಾಲಯಕ್ಕಿದೆ.

ಲೈಸೆನ್ಸನ್ನು ನಿರಾಕರಿಸುವ, ಅಮಾನತಿನಲ್ಲಿಡುವ ಅಥವಾ ರದ್ದುಗೊಳಿಸುವ ಅಧಿಕಾರಿಯು ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು. ಸಾರ್ವಜನಿಕ ಹಿತಕ್ಕೆ ಬಾಧಕವಲ್ಲದಿದ್ದರೆ, ಕೇಳಿದವರಿಗೆ ಅವುಗಳ ಸಂಕ್ಷಿಪ್ತ ವಿವರವನ್ನು ಕೊಡಬೇಕು. ಸರ್ಕಾರವೇ ಹೊರಡಿಸಿದ ಆದೇಶದ ಹೊರತು ಉಳಿದವುಗಳ ಮೇಲೆ ಮೇಲ್ಮನವಿಗೆ 18ನೆಯ ಪ್ರಕರಣದಲ್ಲಿ ಅವಕಾಶವಿದೆ. ದುರಸ್ತಿಗೆ ಅಥವಾ ಲೈಸೆನ್ಸ್ ನವೀಕರಣಕ್ಕೆಂದು ಲೈಸೆನ್ಸುದಾರನ ಲಿಖಿತ ಅಧಿಕಾರ ಪತ್ರದೊಡನೆ ಬೇರೊಬ್ಬರು ಆಯುಧವನ್ನು ಒಯ್ಯಲೂ ಕಾಯಿದೆ ಅನುಮತಿಸುತ್ತದೆ. ನಡೆಯಲಾರದ ವೃದ್ಧರ ಕೋವಿಯನ್ನು ಮನೆಯವರು ಒಯ್ಯುವಾಗ ಈ ಒಂದು ಕಾಗದ ಅತ್ಯವಶ್ಯ.

ಕೊಡಗಿನ ವಿನಾಯಿತಿ

ಇಡೀ ದೇಶಕ್ಕೆ ಒಂದೇ ಕಾಯಿದೆಯಿದ್ದರೂ ಕೊಡಗಿಗೆ ವಿಶಿಷ್ಟ ಸ್ಥಾನವಿದೆ. 1861ರಿಂದ ಬೆಳೆದುಬಂದ ಪರಂಪರೆಯನ್ನು ಮಾನ್ಯಮಾಡಿ, ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ನೀಡಲಾಗಿದೆ. ಕೈಲ್ ಮುಹೂರ್ತದಲ್ಲಿ ಪೂಜೆಗೊಳ್ಳುವ, ಹುತ್ತರಿಯಲ್ಲಿ ಸದ್ದು ಮಾಡುವ ಕೋವಿ ಅಲ್ಲಿ ಮನೆತನದ ಅಂಗ. ಕೇಂದ್ರ ಸರ್ಕಾರ 2019ರಲ್ಲಿ ಈ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ತಳ್ಳಿಹಾಕಿತು. ವಿನಾಯಿತಿಯೆಂದರೆ ನಿಯಮವೇ ಇಲ್ಲವೆಂದಲ್ಲ. ಜಿಲ್ಲೆಯ ಹೊರಗೆ ವಾಸಿಸುವಾಗ ಅಥವಾ ಪ್ರಯಾಣಿಸುವಾಗ ಇಟ್ಟುಕೊಳ್ಳಬಹುದಾದ ಆಯುಧ ಮತ್ತು ಗುಂಡುಗಳಿಗೆ ಮಿತಿಯಿದೆ. ದೂರದ ನಗರದ ಪೊಲೀಸ್ ಸಿಬ್ಬಂದಿಗೆ ಈ ವಿನಾಯಿತಿಯ ಪರಿಚಯವಿಲ್ಲದಿರಬಹುದಾದ್ದರಿಂದ, ಅರ್ಹತೆಯನ್ನು ಸಿದ್ಧಪಡಿಸುವ ಪ್ರಮಾಣಪತ್ರ ಜೊತೆಯಲ್ಲಿರುವುದು ಕ್ಷೇಮ.

ಉಪಸಂಹಾರ

ಬಿಗಿಯಾದ ಕಾನೂನು ಬೇಕೆಂಬುದರಲ್ಲಿ ಸಂದೇಹವಿಲ್ಲ. ಲೆಕ್ಕಕ್ಕೆ ಸಿಗದ ಒಂದು ಬಂದೂಕು ಇಡೀ ಊರಿನ ನೆಮ್ಮದಿಯನ್ನು ಕೆಡಿಸಬಲ್ಲುದು; ಮನೆಯಲ್ಲಿ ಮರೆತ ಕೋವಿ ಕಳ್ಳನ ಕೈಗೂ ಮಗುವಿನ ಕೈಗೂ ಸಿಗಬಲ್ಲುದು. ಆದರೆ ಕಾನೂನಿನ ಬಿಗಿ ಸಾರ್ಥಕವಾಗುವುದು ಅದು ಯಾರ ಮೇಲೆ ಬೀಳಬೇಕೋ ಅವರ ಮೇಲೆ ಬಿದ್ದಾಗ. ಅದಕ್ಕಾಗಿ ಅಧಿಕಾರಿಗಳು ಅನುಮತಿ ನೀಡುವ ಮುನ್ನ ಸಂಗತಿಗಳನ್ನು ತೂಗಿ ನೋಡಬೇಕು. ನಾಗರಿಕರು ದಿನಾಂಕ, ವಿಳಾಸ, ವಾರಸುಗಳ ಕಾಗದಪತ್ರಗಳನ್ನು ಸರಿಯಾಗಿ ಇರಿಸಿಕೊಳ್ಳಬೇಕು. ಊರಿನ ಹಳೆಯ ಮನೆಯಲ್ಲಿ ಕೋವಿಯೊಂದು ಇದೆಯೆಂದು ತಿಳಿದವರು ಮುಂದಿನ ರಜೆಯವರೆಗೆ ಕಾಯದೆ, ಅದರ ಲೈಸೆನ್ಸ್ ಯಾರ ಹೆಸರಿನಲ್ಲಿದೆ, ಯಾವ ದಿನದವರೆಗೆ ಇದೆ ಎಂದು ಈಗಲೇ ವಿಚಾರಿಸುವುದು ಒಳ್ಳೆಯದು. ಠಾಣೆಯಲ್ಲಿ ಠೇವಣಿ ಇಟ್ಟು ಪಡೆದ ಒಂದು ರಸೀದಿ, ಮುಂದೆ ವರ್ಷಗಟ್ಟಲೆ ನಡೆಯಬಹುದಾದ ಮೊಕದ್ದಮೆಯನ್ನು ತಪ್ಪಿಸಬಲ್ಲುದು.